ಎರಡು ಬೆರಳಿನ ಸಡಿಲ

"ಸಾರ್, ಮೇಡಮ್ಮೋರ ಕಾಲು ಎಟುಕುತ್ತಾ ನೋಡಿ," ಎಂದ ಹಳೇ ಗಾಡಿಗಳ ವ್ಯಾಪಾರಿ. ಹೇಳಿದ್ದು ಅವಳ ಗಂಡನಿಗೆ. ಮೋಟಾರ್‌ಸೈಕಲ್ಲಿನ ಮೇಲೆ ಕೂತಿದ್ದವಳು ಅವಳು, ಕಾಲೂ ಅವಳದೇ, ಅದು ನೆಲಕ್ಕೆ ಎಟುಕುತ್ತದೋ ಇಲ್ಲವೋ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳೂ ಅವಳೇ. ಆದರೂ ಗಂಡ ಬಗ್ಗಿ, ಅವಳ ಹಿಮ್ಮಡಿಯನ್ನು ಎರಡೂ ಕಡೆಯಿಂದ ಪರೀಕ್ಷಿಸಿ, "ಹ್ಞೂಂ, ಎಟುಕುತ್ತೆ," ಎಂದು ವರದಿ ಒಪ್ಪಿಸಿದ.

ತಗಡಿನ ಚಾವಣಿಯ ಆ ಶೆಡ್ಡಿನೊಳಗೆ ಕಾಲಿಟ್ಟಾಗಿನಿಂದ ಇದೇ ನಡೆದಿತ್ತು. "ನನಗೆ ಗೇರಿನ ಗಾಡಿ ಬೇಕು," ಎಂದು ಅವಳು ಹೇಳಿದರೆ ವ್ಯಾಪಾರಿ ಗಂಡನ ಕಡೆ ನೋಡಿ ನಕ್ಕು, ಒಂದು ಗುಲಾಬಿ ಬಣ್ಣದ ಸ್ಕೂಟರಿನ ಸೀಟು ಒರೆಸುತ್ತಿದ್ದ. "ಇಂಜಿನ್ ತಣ್ಣಗಿರುವಾಗಲೇ ಒಂದ್ಸಲ ಸ್ಟಾರ್ಟ್ ಮಾಡಿ ತೋರಿಸಿ," ಎಂದರೆ, "ಅದೆಲ್ಲ ನಮ್ಮ ಗ್ಯಾರಂಟಿ ಸಾರ್," ಎನ್ನುತ್ತಿದ್ದ. ಗಂಡನಿಗೋ ಮೂಲೆಯಲ್ಲಿ ನಿಂತಿದ್ದ ಒಂದು ದಪ್ಪ ಕರಿ ಗಾಡಿಯ ಮೇಲೆ ಕಣ್ಣು. "ತಗೊಂಡ್ರೆ ಇಂಥದ್ದು ತಗೋಬೇಕು," ಎಂದು ಅದರ ಹೊಟ್ಟೆ ಸವರಿದ.

"ಅದನ್ನ ಸ್ಟ್ಯಾಂಡಿಂದ ಇಳಿಸೋಕೆ ನನಗೆ ಇನ್ನೊಬ್ಬರು ಬೇಕು," ಎಂದಳು ಅವಳು.

"ನಾನಿಲ್ವಾ?"

ಮಾತು ಪ್ರೀತಿಯದೇ. ಆದರೆ ಬೆಳಬೆಳಗ್ಗೆ ಅವಳು ಕೆಲಸಕ್ಕೆ ಹೊರಡುವಾಗ ಆ ಪ್ರೀತಿ ಮುಸುಕು ಎಳೆದುಕೊಂಡು ಮಗ್ಗುಲು ಬದಲಿಸುತ್ತಿರುತ್ತದೆ.

ಅವಳ ಕೆಲಸ ರಕ್ತ ತರುವುದು. ಪರೀಕ್ಷೆ ಮಾಡುವ ಲ್ಯಾಬಿನವರು ಕೊಟ್ಟ ಮಂಜುಗಡ್ಡೆಯ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು, ಎದ್ದು ಬರಲಾಗದವರ ಮನೆಗಳಿಗೆ ಹೋಗಿ, ಅವರು ಖಾಲಿ ಹೊಟ್ಟೆಯಲ್ಲಿರುವಾಗಲೇ ರಕ್ತ ತೆಗೆದು, ಕೆಡುವ ಮೊದಲು ತಂದು ಒಪ್ಪಿಸಬೇಕು. ಮಕ್ಕಳು ಅವಳನ್ನು ಕಂಡರೆ "ರಕ್ತದಕ್ಕ ಬಂದ್ಲು" ಎಂದು ಮಂಚದಡಿ ಸೇರುತ್ತಿದ್ದವು. ಈಗ ಲ್ಯಾಬಿನ ಡಾಕ್ಟರಮ್ಮ ಗುಡ್ಡದ ಬಡಾವಣೆಯನ್ನೂ ಅವಳಿಗೇ ವಹಿಸಿದ್ದರು. ಬಸ್ಸು ಅಲ್ಲಿಗೆ ಹತ್ತುವುದಿಲ್ಲ. ಸ್ವಂತ ಗಾಡಿ ಇದ್ದರೆ ಗುಡ್ಡ, ಇಲ್ಲದಿದ್ದರೆ ಕಿಟಕಿಯಿಲ್ಲದ ಒಳಕೋಣೆಯಲ್ಲಿ ಕೂತು ಟ್ಯೂಬುಗಳಿಗೆ ಹೆಸರಿನ ಚೀಟಿ ಅಂಟಿಸುವ ಕೆಲಸ. ಆ ಒಳಕೋಣೆಯಲ್ಲಿ ಅವಳು ಹಿಂದೊಮ್ಮೆ ಮಳೆಗಾಲವಿಡೀ ಕೂತಿದ್ದಳು. ಇನ್ನೊಮ್ಮೆ ಕೂರುವ ಮಾತೇ ಇರಲಿಲ್ಲ.

ಅದಕ್ಕೇ ಆಟದ ಮೈದಾನದಲ್ಲಿ ಓಡಿಸುವುದನ್ನು ಕಲಿತಿದ್ದಳು. ಕಲಿಸಿದ ಮೇಡಂ ಗಾಡಿ ಆರಿಸುವ ಪಾಠವನ್ನೂ ಹೇಳಿದ್ದರು: ಎರಡೂ ಪಾದ ಪೂರ್ತಿ ಊರಬೇಕು, ಬಿದ್ದರೆ ತಾನೇ ಎತ್ತುವಷ್ಟು ಹಗುರವಿರಬೇಕು, ಬಿಡಿಭಾಗ ಎಲ್ಲ ಅಂಗಡಿಯಲ್ಲೂ ಸಿಗಬೇಕು, ಅಂದಚೆಂದ ಆಮೇಲೆ. ಆ ಲೆಕ್ಕಕ್ಕೆ ಸರಿಹೊಂದಿದ್ದು ಈಗ ಅವಳು ಕೂತಿದ್ದ ಬೂದಿ ಬಣ್ಣದ ಹಳೇ ಗಾಡಿ.

"ಅದು ರಿಟೈರಾದೋರು ಓಡಿಸ್ತಿದ್ದ ಗಾಡಿ ಸಾರ್," ಎಂದು ವ್ಯಾಪಾರಿ ಮುಖ ಸಿಂಡರಿಸಿದ.

"ಹಾಗಾದ್ರೆ ಜೋಪಾನವಾಗಿ ಇಟ್ಕೊಂಡಿರ್ತಾರೆ. ಇದನ್ನೇ ಕೊಡಿ," ಎಂದಳು ಅವಳು. ವ್ಯಾಪಾರಿ ಒಪ್ಪಿಗೆಗಾಗಿ ಗಂಡನ ಮುಖ ನೋಡಿದ.

ಮನೆಯ ಅಂಗಳದಲ್ಲಿ ಮಾವ ಕಾದು ನಿಂತಿದ್ದರು. ಮಾವನದು ಹಿಟ್ಟಿನ ಗಿರಣಿ. ಮನೆಯ ಮುಂದಿನ ಅರ್ಧವೆಲ್ಲ ಅದೇ. ಮೋಟಾರಿನಿಂದ ಬೀಸುವ ಕಲ್ಲಿಗೆ ಹೋಗುವ ಅಗಲವಾದ ಬೆಲ್ಟು ಒಂದಿಷ್ಟು ಸಡಿಲವಾದರೂ ಗಾಲಿಯ ಮೇಲೆ ಜಾರುತ್ತದೆ, ಸುಟ್ಟ ವಾಸನೆ ಬರುತ್ತದೆ, ಹಾಗೇ ಬಿಟ್ಟರೆ ಹಾರಿ ಬಂದು ಮುಖಕ್ಕೆ ಬಡಿಯುತ್ತದೆ. ಮಾವನ ಹುಬ್ಬಿನ ಮೇಲೆ ಅಂಥ ಏಟಿನ ಗುರುತಿತ್ತು. ಆವತ್ತಿನಿಂದ ಅವರಿಗೆ ಸಡಿಲ ಎಂದರೆ ಆಗದು. ಆ ಮನೆಯಲ್ಲಿ ನಲ್ಲಿ ತಿರುಗಿಸಲು ಎರಡು ಕೈ ಬೇಕು. ಡಬ್ಬಿಯ ಮುಚ್ಚಳ ತೆಗೆಯಲು ಸೆರಗು ಸುತ್ತಿ, ಹಲ್ಲು ಕಚ್ಚಿ ತಿರುಗಿಸಬೇಕು. ಬಟ್ಟೆ ಹರವುವ ತಂತಿಯನ್ನು ಮೀಟಿದರೆ ನಾದ ಹೊರಡುತ್ತದೆ. ಅತ್ತೆ ಹೊಲಿಗೆಯನ್ನೇ ಬಿಟ್ಟು ಎಷ್ಟೋ ಕಾಲವಾಗಿತ್ತು. "ನಿಮ್ಮ ಮಾವ ಬೆಲ್ಟು ಬಿಗಿದ ಮೇಲೆ ಆ ಮಿಷನ್ ತುಳಿಯೋಕೆ ಕುದುರೇನೇ ಬರಬೇಕು," ಎನ್ನುತ್ತಿದ್ದರು.

ಮಾವ ಗಾಡಿಯನ್ನು ಸುತ್ತು ಹಾಕಿದರು. ಚೈನಿನ ಕವರಿನಲ್ಲಿದ್ದ ರಬ್ಬರ್ ಬಿರಡೆ ಕಿತ್ತು, ತೂತಿನೊಳಗೆ ಬೆರಳು ತೂರಿಸಿ, ಚೈನನ್ನು ಒತ್ತಿ ನೋಡಿ ತಲೆ ಕೊಡವಿದರು.

"ಲೊಡಲೊಡ ಅಂತಿದೆಯಲ್ಲಮ್ಮ."

"ಅಷ್ಟು ಆಡಬೇಕು ಮಾವ. ಎರಡು ಬೆರಳಿನಷ್ಟು. ನಮ್ಮ ಮೇಡಂ ಹೇಳಿದಾರೆ."

"ನಿಮ್ಮ ಮೇಡಂ ಎಷ್ಟು ವರ್ಷ ಗಿರಣಿ ನಡೆಸಿದಾರೆ?" ಎಂದು ಮಾವ ನಕ್ಕರು. ಗಂಡನೂ ನಕ್ಕ. ಅವಳೂ ಸುಮ್ಮನೆ ನಕ್ಕಳು. ಆಮೇಲೆ ನೆನೆದಾಗಲೆಲ್ಲ ಅವಳಿಗೆ ಸಿಟ್ಟು ಬರುತ್ತಿದ್ದುದು ತಾನು ನಕ್ಕದ್ದಕ್ಕೇ.

ಮೊದಮೊದಲು ರಸ್ತೆಗಿಳಿದಾಗ ಪಟ್ಟ ಪಾಡು ಕೇಳಬಾರದು. ಸಿಗ್ನಲ್ಲಿನಲ್ಲಿ ಕ್ಲಚ್ಚು ಬಿಟ್ಟೊಡನೆ ಗಾಡಿ ಕುಪ್ಪಳಿಸಿ ಸತ್ತಂತೆ ನಿಲ್ಲುವುದು, ಹಿಂದಿನವರೆಲ್ಲ ಒಟ್ಟಿಗೆ ಹಾರನ್ ಹೊಡೆಯುವುದು, ಯಾರೋ ಕಾರಿನ ಗಾಜು ಇಳಿಸಿ "ಮನೇಲಿ ಗಂಡಸರಿಲ್ವಾ?" ಎಂದು ಕೇಳುವುದು. ಅವಳು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಬರಬರುತ್ತಾ ಗೇರು ಕಾಲಿಗೆ ಒಗ್ಗಿತು. ಗುಡ್ಡದ ಏರಿನಲ್ಲಿ ಎಲ್ಲಿ ಗೇರು ಇಳಿಸಬೇಕು ಎನ್ನುವುದು ಇಂಜಿನ್ನಿನ ಉಸಿರಿನಿಂದಲೇ ತಿಳಿಯತೊಡಗಿತು. ಖಾಲಿ ಹೊಟ್ಟೆಯಲ್ಲಿ ಕಾದು ಕೂತವರು ಅವಳ ಗಾಡಿಯ ಸದ್ದು ಕೇಳಿ ಬಾಗಿಲು ತೆರೆಯುತ್ತಿದ್ದರು.

ಗಾಡಿಯ ಆರೈಕೆಯನ್ನೂ ಬೇರೆಯವರ ಕೈಗೆ ಬಿಡಲಿಲ್ಲ. ಭಾನುವಾರ ಬೆಳಗಿನ ಸುತ್ತು ಮುಗಿಸಿ ಬಂದು, ಮಧ್ಯಾಹ್ನ ಅಂಗಳದಲ್ಲಿ ಹಳೇ ಗೋಣಿ ಹಾಸಿಕೊಂಡು ಕೂತು, ಚೈನಿನ ಕೊಳೆ ಬ್ರಷ್ಷಿನಿಂದ ಉಜ್ಜಿ, ಎಣ್ಣೆ ಹಾಕಿ, ಚಕ್ರದ ನಟ್ಟು ಬಿಚ್ಚಿ, ಸಡಿಲವನ್ನು ಅಳತೆಗೆ ಸರಿಯಾಗಿ ಕೂರಿಸುತ್ತಿದ್ದಳು. ಮೇಲೆ ಕೆಳಗೆ ಎರಡು ಬೆರಳು. ಆದರೆ ಸೋಮವಾರವೋ ಮಂಗಳವಾರವೋ ಗಾಡಿ ನರಳಲು ಶುರುಮಾಡುತ್ತಿತ್ತು. ಬೆರಳು ಹಾಕಿ ನೋಡಿದರೆ ಚೈನು ಬಟ್ಟೆಯ ತಂತಿಯ ಹಾಗೆ ಬಿಗಿದುಕೊಂಡಿರುತ್ತಿತ್ತು.

ಓಡಿದ ಚೈನು ಸಡಿಲವಾಗುವುದು ಸಹಜ, ತಾನಾಗಿ ಬಿಗಿಯಾಗುವುದನ್ನು ಯಾರೂ ಕೇಳಿಲ್ಲ. ಅಂದಮೇಲೆ ತಪ್ಪು ತನ್ನದೇ, ನಟ್ಟು ಬಿಗಿಯುವಾಗ ತಾನೇ ಏನೋ ಎಡವಟ್ಟು ಮಾಡುತ್ತಿದ್ದೇನೆ ಎಂದುಕೊಂಡಳು. ಮುಂದಿನ ವಾರ ಇನ್ನಷ್ಟು ಎಚ್ಚರದಿಂದ ಮಾಡಿದಳು. ಮತ್ತೆ ಅದೇ ಕಥೆ. ಮೆಕ್ಯಾನಿಕ್‌ಗೆ ತೋರಿಸಿದರೆ ಅವನು ಚೈನು ಮುಟ್ಟಿ, "ನಿಮ್ಮ ಯಜಮಾನ್ರಿಗೆ ಹೇಳಿ ಅಕ್ಕಾ, ಇಷ್ಟು ಬಿಗೀಬಾರ್ದು ಅಂತ," ಎಂದ. "ಬಿಗಿಯೋದು ಯಜಮಾನ್ರಲ್ಲ, ನಾನು," ಎಂದು ಅವಳು ಅವನ ಮೇಲೆ ರೇಗಿ ಬಂದಳು.

ಗಂಡ ಊಟದ ಹೊತ್ತಿಗೆ ತಮಾಷೆ ಮಾಡುತ್ತಿದ್ದ. "ನಿನ್ನ ಎರಡು ಬೆರಳು ಒಂದೊಂದು ದಿನ ಒಂದೊಂದು ಸೈಜ್ ಇರುತ್ತೇನೋ." ಮಾವ ಮಾತ್ರ ನಗದೆ, "ಇರ್ಲಿ ಬಿಡೋ, ಕಲೀತಾಳೆ," ಎಂದು ಸೊಸೆಯ ಪರ ವಹಿಸುತ್ತಿದ್ದರು.

ಆ ತಮಾಷೆ ಅವಳಿಗೆ ಎಲ್ಲಿ ತಾಗಿತು ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಅವಳ ಅನ್ನ ಇದ್ದದ್ದೇ ಬೆರಳಿನ ತುದಿಯಲ್ಲಿ. ಕಣ್ಣಿಗೆ ಕಾಣದ ನರವನ್ನು ಅವಳು ಚರ್ಮದ ಮೇಲೆ ಬೆರಳಾಡಿಸಿ ಹುಡುಕುತ್ತಿದ್ದಳು. ಈಗ ಅಲ್ಲೂ ಕೈ ಅನುಮಾನಿಸತೊಡಗಿತು. ಸಿಕ್ಕಿತು ಎನಿಸಿದ ಮೇಲೂ ಇನ್ನೊಮ್ಮೆ ಒತ್ತಿ ನೋಡುವುದು, ಸೂಜಿ ಹಿಡಿದು ತಡೆಯುವುದು. "ಏನಮ್ಮಾ, ಇವತ್ತು ಇಷ್ಟು ಯೋಚನೆ ಮಾಡ್ತಿದೀಯಾ?" ಎಂದು ಒಬ್ಬರು ಕೇಳಿಯೂ ಬಿಟ್ಟರು. ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

ಚೈನು ಕಡಿದದ್ದು ಗುಡ್ಡದ ಕೊನೆಯ ತಿರುವಿನಲ್ಲಿ. ಫಟ್ಟೆಂದು ಸದ್ದಾಯಿತು, ಇಂಜಿನ್ ಬಾಯಿ ಬಡಿದುಕೊಂಡಿತು, ಗಾಡಿ ಮುಂದೆ ಹೋಗುವ ಬದಲು ಹಿಂದಕ್ಕೆ ಜಾರತೊಡಗಿತು. ಬ್ರೇಕು ಹಿಡಿದಳು. ಗಾಡಿ ಪಕ್ಕಕ್ಕೆ ವಾಲಿ ಅವಳನ್ನೂ ಕೆಡವಿತು. ಮಂಡಿಯ ಚರ್ಮ ಸುಲಿಯಿತು, ಪೆಟ್ಟಿಗೆಯ ಮುಚ್ಚಳ ಹಾರಿತು, ಟ್ಯೂಬುಗಳು ಟಾರಿನ ಮೇಲೆ ಟಕಟಕ ಉರುಳಿ ಮೋರಿ ಸೇರಿದವು.

ಮಂಡಿಯನ್ನು ಅವಳು ಲೆಕ್ಕಕ್ಕಿಡಲಿಲ್ಲ. ಹಾಸಿಗೆ ಹಿಡಿದ ಒಬ್ಬ ಅಜ್ಜಿಯ ರಕ್ತ ಆ ಟ್ಯೂಬುಗಳಲ್ಲಿತ್ತು. ಒಣಗಿದ ಆ ತೋಳಿನಲ್ಲಿ ನರ ಸಿಗುವುದೇ ದೊಡ್ಡ ಕಷ್ಟ. ಆ ಬೆಳಿಗ್ಗೆ ಬಹಳ ಹೊತ್ತು ಹುಡುಕಿ, ಎರಡು ಸಲ ಚುಚ್ಚಿ ತೆಗೆದಿದ್ದಳು. ಈಗ ಗಾಡಿಯನ್ನು ಗೋಡೆಗೆ ಒರಗಿಸಿ ಕುಂಟುತ್ತಾ ಏರು ಇಳಿದು ಅದೇ ಮನೆಗೆ ಹೋಗಿ ನಿಂತಳು. ಅಜ್ಜಿ ಇನ್ನೊಂದು ತೋಳನ್ನು ಹೊದಿಕೆಯಿಂದ ಹೊರಗೆ ಚಾಚಿತು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಇನ್ನೊಂದ್ಸಲ ಹೀಗಾದ್ರೆ ಗುಡ್ಡಕ್ಕೆ ಬೇರೆಯವರನ್ನ ಹಾಕ್ತೀನಿ. ನೀವು ಒಳಗೆ ಕೂತು ಚೀಟಿ ಅಂಟಿಸಿ," ಎಂದರು ಡಾಕ್ಟರಮ್ಮ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಸಂಜೆ ಗಿರಣಿ ನಿಲ್ಲಿಸಿ, ಮೈಮೇಲಿನ ಹಿಟ್ಟು ಕೊಡವಿಕೊಂಡು ಅಪ್ಪ ಮಗ ನಡುಮನೆಯಲ್ಲಿ ಪಂಚಾಯ್ತಿಗೆ ಕೂತರು. ಅವಳು ಮಂಡಿಗೆ ಪಟ್ಟಿ ಕಟ್ಟಿಕೊಂಡು ಎದುರಿಗಿದ್ದಳು. ಇದ್ದಾಳೆ ಎಂದು ಯಾರಿಗೂ ನೆನಪಿದ್ದಂತಿರಲಿಲ್ಲ.

"ಸ್ಕೂಟರ್ ತಗೊಳ್ಳೋಣ ಅಂತ ನಾನು ಆವತ್ತೇ ಬಡ್ಕೊಂಡೆ," ಎಂದ ಗಂಡ. ಬಡಿದುಕೊಂಡದ್ದು ಕರಿ ಗಾಡಿಗಾಗಿ ಎನ್ನುವುದನ್ನು ಮರೆತಿದ್ದ.

"ಸ್ಕೂಟರ್ ಒಳಗಿರೋದು ಬೆಲ್ಟು," ಎಂದರು ಮಾವ. "ಬೆಲ್ಟನ್ನ ನಂಬಬಹುದು. ಈ ಚೈನೆಲ್ಲ ನಮ್ಮ ಹೆಣ್ಣುಮಕ್ಕಳ ಕೈಲಿ ನೋಡ್ಕೊಳ್ಳೋಕಾಗಲ್ಲಪ್ಪ."

"ನಾನು ಸರಿಯಾಗೇ ನೋಡ್ಕೊಂಡಿದ್ದೆ ಮಾವ."

"ನೋಡ್ಕೊಂಡಿದ್ರೆ ಯಾಕಮ್ಮ ಕಡೀತಿತ್ತು?" ಮಾವನ ದನಿಯಲ್ಲಿ ಕನಿಕರವಿತ್ತು. ಹೊಸ ಚೈನು ಹಾಕಿಸಿ, ಭಾನುವಾರ ಬೆಳಿಗ್ಗೆ ವ್ಯಾಪಾರಿಯನ್ನು ಕರೆಸಿ ಗಾಡಿಯನ್ನು ಅವನಿಗೇ ವಾಪಸು ಕೊಡುವುದು ಎಂದು ತೀರ್ಮಾನವಾಯಿತು. ಅವಳು ಬೇಡವೆನ್ನಲಿಲ್ಲ. ಬೇಡ ಎನ್ನಲು ತನ್ನ ಬೆರಳಿನ ಮೇಲೆ ನಂಬಿಕೆ ಇರಬೇಕಲ್ಲ.

ಶನಿವಾರ ಮೆಕ್ಯಾನಿಕ್ ಹೊಸ ಚೈನು ಕೂರಿಸಿದ ಮೇಲೆ, ಕೊನೆಯ ಸಲಕ್ಕೆಂದು ಸಡಿಲವನ್ನು ತಾನೇ ಅಳೆದು, ನಟ್ಟು ಬಿಗಿದು ತಂದು ನಿಲ್ಲಿಸಿದಳು. ಭಾನುವಾರ ನಸುಕಿಗೇ ಎಚ್ಚರವಾಯಿತು. ಮಂಡಿ ನೋಯುತ್ತಿತ್ತು. ಅಂಗಳದಿಂದ ಕಿರ್ರ್, ಕಿರ್ರ್ ಎಂದು ಸದ್ದು. ನಟ್ಟಿನ ಮೇಲೆ ಸ್ಪ್ಯಾನರ್ ತಿರುಗುವ ಸದ್ದನ್ನು ಈಗ ಅವಳು ನಿದ್ದೆಯಲ್ಲೂ ಗುರುತಿಸಬಲ್ಲವಳಾಗಿದ್ದಳು. ಎದ್ದು ಬಾಗಿಲು ತೆರೆದಳು.

ಮಾವ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಏರಿಸಿ, ಪಂಚೆ ಮೇಲೆ ಕಟ್ಟಿ ಕುಕ್ಕುರುಗಾಲಿನಲ್ಲಿ ಕೂತು, ಗಿರಣಿಯ ಉದ್ದನೆಯ ಸ್ಪ್ಯಾನರಿಗೆ ಮೈಯ ಭಾರವೆಲ್ಲ ಹಾಕಿ ಚೈನು ಎಳೆಯುತ್ತಿದ್ದರು. ಬಾಯಲ್ಲಿ ಯಾವುದೋ ಹಾಡಿನ ಗುನುಗು. ಅವಳನ್ನು ಕಂಡು ಬೆಚ್ಚಲೂ ಇಲ್ಲ.

"ಎದ್ಯಾ? ಸದ್ದಾಯ್ತಾ?" ಎಂದರು. "ಹೊಸ ಚೈನು, ಹಾಕಿದೋನು ಎಳೆದೇ ಇಲ್ಲ ನೋಡು. ಮಾರೋ ಗಾಡಿ ಆದ್ರೂ ನೆಟ್ಟಗೆ ಕೊಡಬೇಕಲ್ಲಮ್ಮ."

"ಅದನ್ನ ಎಳೆದಿದ್ದು ನಾನು." ಅವಳು ಅಂಗಳಕ್ಕಿಳಿದಳು. "ಇಷ್ಟು ದಿನವೂ ನೀವೇನಾ?"

"ಮತ್ಯಾರು? ನಿನಗೆ ಬೆಳಗಾದ್ರೆ ನೂರೆಂಟು ಕೆಲಸ. ಪಾಪ, ಕಷ್ಟಪಟ್ಟು ಮಾಡಿರ್ತೀಯಾ, ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ ಹೇಳಲಿಲ್ಲ." ಸ್ಪ್ಯಾನರಿಗೆ ಇನ್ನೊಂದು ಸುತ್ತು ಕೊಟ್ಟರು. "ನಾನು ಬಿಗೀದೆ ಇದ್ದಿದ್ರೆ ಇನ್ನೂ ಮೊದಲೇ ಕಡೀತಿತ್ತು."

ಅವಳ ಪಿತ್ತ ನೆತ್ತಿಗೇರಿತು. "ಬಿಡಿ ಅದನ್ನ!" ಎಂದು ಕೂಗಿದ ದನಿಗೆ ಗಿರಣಿಯ ತಗಡು ಕೂಡ ನಡುಗಿರಬೇಕು. ಒಳಗಿನಿಂದ ಗಂಡ ಕಣ್ಣುಜ್ಜಿಕೊಳ್ಳುತ್ತಾ ಬಂದ, ಹಿಂದೆಯೇ ಅತ್ತೆ.

"ಏನಾಯ್ತು? ಅಪ್ಪನ ಮೇಲೆ ಯಾಕೆ ಕೂಗಾಡ್ತಿದೀಯಾ?"

"ನಾನು ಕೂರಿಸಿದ ಚೈನನ್ನ ಇವರು ವಾರ ವಾರ ಕದ್ದು ಬಿಗೀತಿದ್ರು! ನಿಮಗೆ ಗೊತ್ತಾ?"

ಗಂಡ ಅಪ್ಪನ ಕಡೆ ನೋಡಿದ. ಅವನ ಮುಖ ನೋಡಿದ್ದೇ ಅವಳಿಗೆ ಎಲ್ಲ ತಿಳಿದುಹೋಯಿತು.

"ನಿಮಗೆ ಗೊತ್ತಿತ್ತು."

"ಅಪ್ಪ ನಿನಗೋಸ್ಕರ ತಾನೇ ಮಾಡ್ತಿದ್ದಿದ್ದು? ನಿನಗೂ ಖುಷಿ ಇರ್ಲಿ, ಅಪ್ಪನಿಗೂ ಸಮಾಧಾನ ಇರ್ಲಿ ಅಂತ..."

"ಖುಷಿ! ನನ್ನ ಬೆರಳಿಗೆ ಅಳತೆ ಗೊತ್ತಾಗಲ್ಲ ಅಂತ ನಾನು ರಾತ್ರಿ ನಿದ್ದೆ ಮಾಡ್ತಿರ್ಲಿಲ್ಲ. ರೋಗಿಗಳ ಕೈ ಹಿಡಿಯೋಕೆ ಹೆದರ್ತಿದ್ದೆ. ನೀವು ಅನ್ನ ಕಲಸ್ಕೊಂಡು ನನ್ನ ಬೆರಳಿನ ಮೇಲೆ ಜೋಕ್ ಮಾಡ್ತಿದ್ರಿ. ಮೊನ್ನೆ ಇಬ್ಬರೂ ಕೂತು ಗಾಡಿ ಮಾರೋ ತೀರ್ಮಾನ ಮಾಡಿದ್ರಲ್ಲ, ಆವಾಗ್ಲೂ ನಿಮ್ಮ ಬಾಯಿಗೇನಾಗಿತ್ತು?"

"ಸರಿ, ಸರಿ, ಈಗ ಅಪ್ಪನ ಹತ್ರ ಈ ಥರ ಮಾತಾಡ್ಬೇಡ. ದೊಡ್ಡವರು. ಒಂದು ಮಾತು ತಪ್ಪಾಯ್ತು ಅಂದ್ಬಿಡು."

ತಪ್ಪಾಯ್ತು ಎನ್ನಬೇಕಾದವಳು ಅವಳಂತೆ! ಅವಳಿಗೆ ಅಳು ಬರುವಂತಾಯಿತು, ಆದರೆ ಅಳಲಿಲ್ಲ. ಮಾವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡಳು. ಕಸಿದುಕೊಂಡಳು ಎಂದರೂ ಸರಿಯೇ. ನೆಲದ ಮೇಲೆ ನೋಯುವ ಮಂಡಿಯೂರಿ ನಟ್ಟು ಬಿಚ್ಚಿದಳು. ಮೂವರೂ ನೋಡುತ್ತಾ ನಿಂತರು. ಚೈನನ್ನು ತಿರುಗಿ ತನ್ನ ಅಳತೆಗೆ ತಂದು ಬಿಗಿದಳು. ಅವಸರ ಮಾಡಲಿಲ್ಲ. ಒಳಗಿನ ಬೆಂಕಿ ಬೆರಳಿನವರೆಗೆ ಬಂದಿರಲಿಲ್ಲ. ಬೆರಳಿಗೆ ತನ್ನ ಕೆಲಸ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, "ಹ್ಯಾಂಡಲ್ ಹಿಡ್ಕೊಳ್ಳಿ," ಎಂದಳು ಗಂಡನಿಗೆ. ಅವನು ಎರಡು ಮಾತಿಲ್ಲದೆ ಹಿಡಿದುಕೊಂಡ.

"ಮಾವ, ಬೆರಳು ಹಾಕಿ."

"ಎಲ್ಲಿಗಮ್ಮ?"

"ಅದೇ ತೂತಿಗೆ. ಚೈನ್ ಮೇಲೆ ಇಟ್ಕೊಳ್ಳಿ, ತೆಗೀಬೇಡಿ."

ಮಾವ ಕೂತು ಬೆರಳು ತೂರಿಸಿದರು. ಮೇಲೆ ಕೆಳಗೆ ಆಡಿಸಿ, "ಲೂಸು. ಇದನ್ನೇ ತಾನೇ ನಾನು ಹೇಳ್ತಿದ್ದಿದ್ದು?" ಎಂದು ಮಗನ ಕಡೆ ನೋಡಿದರು.

ಅವಳು ಒಳಗೆ ಹೋಗಿ ಹೆಲ್ಮೆಟ್ ಹಾಕಿಕೊಂಡು, ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಬಂದು ಗಾಡಿ ಹತ್ತಿ ಕೂತಳು. ಹಿಂದಿನ ಚಕ್ರದ ಸ್ಪ್ರಿಂಗು ಅವಳ ಭಾರಕ್ಕೆ ಕುಸಿಯಿತು.

"ಈಗ?"

ಮಾವನ ಬೆರಳಿನ ಕೆಳಗೆ ಚೈನು ತಾನಾಗಿ ಬಿಗಿದುಕೊಂಡಿತ್ತು.

"ನಿಮ್ಮ ಗಿರಣಿ ಇದ್ದಲ್ಲೇ ಇರುತ್ತೆ ಮಾವ. ಅದರ ಮೇಲೆ ಯಾರೂ ಹತ್ತಿ ಕೂರಲ್ಲ, ಅದು ಗುಂಡಿಗೂ ಇಳಿಯಲ್ಲ. ನೀವು ಬಿಗಿದಿದ್ದು ಖಾಲಿ ಗಾಡಿಗೆ. ಇದರ ಮೇಲೆ ನಾನು ಕೂರ್ತೀನಿ. ನೀವು ಬಿಗಿದ ಮೇಲೆ ನಾನು ಕೂತ್ರೆ ಅದು ಇನ್ನೆಲ್ಲಿ ಹಿಗ್ಗಬೇಕು? ಕಡೀದೆ ಇನ್ನೇನಾಗುತ್ತೆ?"

ಮಾವ ತಲೆಯೆತ್ತಲಿಲ್ಲ. ಚೈನನ್ನು ಇನ್ನೊಮ್ಮೆ ಒತ್ತಿ ನೋಡಿ, "ಇಳಿ," ಎಂದರು. ಅವಳು ಇಳಿದಳು. ಬೆರಳು ಆಡಿತು. "ಹತ್ತು." ಹತ್ತಿದಳು. ಬೆರಳು ನಿಂತಿತು. ಅವರ ಹುಬ್ಬಿನ ಮೇಲಿನ ಗೆರೆ ಗಂಟಿಕ್ಕಿಕೊಂಡಿತ್ತು. ಗಿರಣಿಯ ಮೋಟಾರು ಕೆಟ್ಟಾಗ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದ ಹಾಗೆಯೇ ಕೂತಿದ್ದರು.

"ಇನ್ನೊಂದ್ಸಲ ಇಳಿಯಮ್ಮ."

ಅವಳು ಇಳಿಯಲಿಲ್ಲ. ಗುಡ್ಡದ ಮೇಲೆ ಜನ ಹಸಿದು ಕಾಯುತ್ತಿದ್ದರು. ಕಿಕ್ಕರ್ ಒದ್ದಳು, ಗಾಡಿ ಒಂದೇ ಏಟಿಗೆ ಹತ್ತಿಕೊಂಡಿತು.

"ಬೆರಳು ತೆಗೀರಿ, ಮಾವ."

ಅವರು ತೆಗೆದರು.

"ಅಲ್ಲ, ಆ ವ್ಯಾಪಾರಿ ಬರ್ತಾನಲ್ಲ, ಏನು ಹೇಳ್ಲಿ?" ಎಂದ ಗಂಡ, ಹ್ಯಾಂಡಲನ್ನು ಇನ್ನೂ ಹಿಡಿದುಕೊಂಡೇ. ಅವಳು ಅವನ ಕೈಯನ್ನೇ ನೋಡಿದಳು. ಅವನು ಬಿಟ್ಟ. ಅತ್ತೆ ಹೋಗಿ ಗೇಟು ತೆಗೆದರು.

ರಸ್ತೆಗೆ ಬಂದು ಗೇರು ಬದಲಿಸುವಾಗ ಕನ್ನಡಿಯಲ್ಲಿ ಅಂಗಳ ಕಂಡಿತು. ಗಂಡ ಏನೋ ಹೇಳುತ್ತಾ ಬಗ್ಗಿ ನಿಂತಿದ್ದ. ಮಾವ ಎದ್ದಿರಲಿಲ್ಲ. ಗಾಡಿ ಇಲ್ಲದ ಜಾಗದ ಮುಂದೆ, ಕಪ್ಪಾದ ಒಂದು ಬೆರಳನ್ನು ಗಾಳಿಯಲ್ಲಿ ಚಾಚಿಕೊಂಡು ಹಾಗೆಯೇ ಕೂತಿದ್ದರು.